ಘಾಟಿಯಲ್ಲಿ ಬಿಗಿದ ಸ್ಟಿಯರಿಂಗ್

ಪ್ರಶ್ನೆ: ನಮ್ಮ ಏಳು ಸೀಟಿನ ಎಸ್‌ಯುವಿಗೆ ಆರು ವರ್ಷ. ಅಮ್ಮ, ಮಕ್ಕಳ ಜೊತೆ ಆಗುಂಬೆ ಘಾಟಿ ಇಳಿಯುವಾಗ ತಿರುವಿನಲ್ಲೇ ಸ್ಟಿಯರಿಂಗ್ ಕಲ್ಲಿನಂತಾಯಿತು, ಮೀಟರ್ ಬಳಿ ಎಚ್ಚರಿಕೆ ದೀಪ ಹೊತ್ತಿತು. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಯಾಯಿತು. ಸರ್ವಿಸ್‌ನವರು ‘ಏನೂ ದೋಷವಿಲ್ಲ’ ಅನ್ನುತ್ತಾರೆ. ಓಡಿಸಬಹುದೇ?
– ಓದುಗರು, ಮಲ್ಪೆ

ಉತ್ತರ: ಬೇಡ ಮಾರಾಯ್ರೇ, ಕಾರಣ ಸಿಗುವವರೆಗೆ ಘಾಟಿ ಕಡೆ ಹೋಗಲೇಬೇಡಿ. ಮತ್ತೆ ಸ್ಟಾರ್ಟ್ ಮಾಡಿದಾಗ ಕಂಪ್ಯೂಟರ್ ಹೊಸದಾಗಿ ಶುರುವಾಗಿದೆ ಅಷ್ಟೇ, ರೋಗ ಒಳಗೇ ಇದೆ.

ನಿಮ್ಮದು ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಆಗಿದ್ದರೆ, ನೀವು ತಿರುಗಿಸುವ ಬಲವನ್ನು ಟಾರ್ಕ್ ಸೆನ್ಸರ್ ಅಳೆಯುತ್ತದೆ, ಮೋಟರ್ ಕೈ ಜೋಡಿಸುತ್ತದೆ. ಈ ಮೋಟರ್ ತುಂಬಾ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿದರೆ ಸಹಾಯ ನಿಲ್ಲಬಹುದು. ಹಾಗಾಗಿ ನಾನು ಮೊದಲು ನೋಡುವುದು ಬ್ಯಾಟರಿ ಮತ್ತು ಅರ್ತ್ ವೈರ್ (ಬ್ಯಾಟರಿಯನ್ನು ಗಾಡಿಯ ಬಾಡಿಗೆ ಜೋಡಿಸುವ ತಂತಿ). ಮಲ್ಪೆಯ ಉಪ್ಪುಗಾಳಿಗೆ ಅರ್ತ್ ತುದಿಗಳು ಹಸಿರುಗಟ್ಟಿದ್ದನ್ನು ಎಷ್ಟೋ ಗಾಡಿಗಳಲ್ಲಿ ಕಂಡಿದ್ದೇನೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಎಸಿ, ಹೆಡ್‌ಲೈಟ್ ಹಾಕಿ, ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುತ್ತಾ ಅಳೆಯಲು ಹೇಳಿ. ಸ್ಕ್ಯಾನರ್‌ನಲ್ಲಿ ಹಳೆಯ ದೋಷಸೂಚಕ ಕೋಡ್‌ಗಳನ್ನು ಅಳಿಸುವ ಮೊದಲು ಪ್ರಿಂಟ್ ಕೇಳಿ ಪಡೆಯಿರಿ. ಸೆನ್ಸರ್ ಕೋಡ್ ಬಂದರೆ ಹಲವು ಗಾಡಿಗಳಲ್ಲಿ ಸ್ಟಿಯರಿಂಗ್ ಹಿಡಿದಿರುವ ಇಡೀ ಕಾಲಮ್ಮೇ (ಕಂಬವೇ) ಬದಲು, ಖರ್ಚು ದೊಡ್ಡದು.

ದಾರಿಯಲ್ಲಿ ಮತ್ತೆ ಹೀಗಾದರೆ ಹೆದರಬೇಡಿ. ಚಕ್ರಕ್ಕೂ ಸ್ಟಿಯರಿಂಗ್‌ಗೂ ಇರುವ ಕಬ್ಬಿಣದ ಕೊಂಡಿ ಹಾಗೇ ಇರುತ್ತದೆ, ಎರಡೂ ಕೈಯಿಂದ ಬಲವಾಗಿ ತಿರುಗಿಸಿದರೆ ಗಾಡಿ ತಿರುಗುತ್ತದೆ. ನಿಧಾನಿಸಿ, ಹಜಾರ್ಡ್ ದೀಪ ಹಾಕಿ, ಬದಿಗೆ ನಿಲ್ಲಿಸಿ. ಓಡುವಾಗ ಮಾತ್ರ ಕೀ ಆಫ್ ಮಾಡಲೇಬೇಡಿ, ಬ್ರೇಕಿನ ಸಹಾಯವೂ ಹೋಗುತ್ತದೆ.