ಯಕ್ಷಗಾನದ ನೇರಪ್ರಸಾರ ನಡುನಡುವೆ ನಿಲ್ಲುತ್ತದೆ: ಎನ್‌ಕೋಡರ್‌ನಲ್ಲಿ ಏನು ಬದಲಿಸಬೇಕು?

ಶಿರಸಿ ಹತ್ತಿರದ ಹಳ್ಳಿಯಿಂದ ಯೂಟ್ಯೂಬ್‌ಗೆ ಆಟವನ್ನು ಕಳಿಸುವಾಗ ಚಿತ್ರ ನಿಂತು ನಿಂತು ಬರುತ್ತದೆ, ಅಪ್‌ಲೋಡ್ ವೇಗ 5 ಎಂಬಿಪಿಎಸ್, ಎನ್‌ಕೋಡರ್‌ನಲ್ಲಿ (ಕ್ಯಾಮೆರಾದ ಚಿತ್ರವನ್ನು ಕುಗ್ಗಿಸಿ ಅಂತರ್ಜಾಲಕ್ಕೆ ಕಳಿಸುವ ಸಾಧನ) 1080ಪಿ, 6,000 ಕೆಬಿಪಿಎಸ್, ಅಂದರೆ 6 ಎಂಬಿಪಿಎಸ್ ಇಟ್ಟಿದ್ದೇನೆ ಎಂದಿದ್ದೀರಿ. ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ. ಐದು ಸೇರಿನ ಪಾತ್ರೆಗೆ ಆರು ಸೇರು ಹೊಯ್ದರೆ ಚೆಲ್ಲಲೇಬೇಕು.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ದತ್ತಾಂಶದ ಪ್ರಮಾಣ, ಅಪ್‌ಲೋಡ್ ವೇಗದ ಅರ್ಧದಷ್ಟಿರಲಿ. ಚಿತ್ರದ ಸ್ಪಷ್ಟತೆಯಲ್ಲಿ 720ಪಿಗೆ ಇಳಿದು 2,500 ಕೆಬಿಪಿಎಸ್ ಇಡಿ. ಬಿಟ್‌ರೇಟ್ ಏರಿಳಿಯುವ ವಿಬಿಆರ್ ಬೇಡ, ಒಂದೇ ಸಮನಾಗಿರುವ ಸಿಬಿಆರ್ ಆಯ್ದುಕೊಳ್ಳಿ. ರಂಗದಲ್ಲಿ ಧೀಂಗಿಣ (ಗಿರಕಿ ಹೊಡೆಯುವ ಜಿಗಿತ) ಶುರುವಾದಾಗ ವಿಬಿಆರ್ ಒಮ್ಮೆಲೇ ಜಿಗಿಯುತ್ತದೆ, ಮಳೆಗಾಲದ ಹಳ್ಳಿಯ ಸಂಪರ್ಕ ಅದನ್ನು ತಾಳುವುದಿಲ್ಲ. ಕೋಡೆಕ್ (ಚಿತ್ರ ಕುಗ್ಗಿಸುವ ವಿಧಾನ) ಎಚ್.264, ಫ್ರೇಮ್ ದರ ಸೆಕೆಂಡಿಗೆ 25. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ದೀಪಗಳ ಮಿನುಗಾಟವೂ ಕಡಿಮೆಯಾಗುತ್ತದೆ. ಕೀಫ್ರೇಮ್ (ಪೂರ್ತಿಯಾಗಿ ಕಳಿಸುವ ಚಿತ್ರ) ಅಂತರ 2 ಸೆಕೆಂಡ್. ಕೆಲವು ಎನ್‌ಕೋಡರ್‌ಗಳು ಇದನ್ನು ಫ್ರೇಮ್‌ಗಳಲ್ಲಿ ಕೇಳುತ್ತವೆ, ಆಗ 50 ಎಂದು ಬರೆಯಿರಿ.

ಧ್ವನಿಯಲ್ಲಿ ಜಿಪುಣತನ ಬೇಡ. ಧ್ವನಿಯ ಕೋಡೆಕ್ ಎಎಸಿ, 128 ಕೆಬಿಪಿಎಸ್ ಇರಲಿ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಭಾಗವತರ ಪದ ಒಡೆದರೆ ಎದ್ದು ಹೋಗುತ್ತಾರೆ. ಚಂಡೆಯ ಹೊಡೆತಕ್ಕೆ ಧ್ವನಿಮಟ್ಟದ ಸೂಚಿ ಕೆಂಪು ಮುಟ್ಟದಂತೆ ಮೊದಲೇ ತಗ್ಗಿಸಿಡಿ.

ಆರ್‌ಟಿಎಂಪಿ ವಿಳಾಸ (ಪ್ರಸಾರ ತಲುಪಬೇಕಾದ ಸರ್ವರ್‌ನ ವಿಳಾಸ), ಸ್ಟ್ರೀಮ್ ಕೀ (ನಿಮ್ಮ ಪ್ರಸಾರದ ಗುಪ್ತಪದ) ಎರಡನ್ನೂ ಯೂಟ್ಯೂಬ್ ಸ್ಟುಡಿಯೋದಿಂದ ನಕಲಿಸಿ ಅಂಟಿಸಿ. ಕೀಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. ಮತ್ತೆ, ವೈಫೈ ಬಿಟ್ಟು ರೂಟರ್‌ನಿಂದ ಎನ್‌ಕೋಡರ್‌ಗೆ ಕೇಬಲ್ ಎಳೆಯಿರಿ.