ಹಂಡಿಯಾ ಸಾರಾಯಿಯಲ್ಲ

ಆತ್ಮೀಯರೇ, ನಮಸ್ಕಾರ.

ರಾಂಚಿ ಕಡೆಯ ಸಂತೆಯಲ್ಲಿ ಕುಡಿದ ಹಂಡಿಯಾ ಬಗ್ಗೆ ನೀವು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗದು. ಆದರೆ ಕೈಬಿಡಬೇಡಿ.

ಮೊದಲ ತಕರಾರು ಒಂದು ಪದದ ಮೇಲೆ. ಹನ್ನೊಂದು ಕಡೆ 'ಸಾರಾಯಿ' ಎಂದಿದ್ದೀರಿ, ಒಂದು ಕಡೆ 'ಭಟ್ಟಿ ಇಳಿಸುತ್ತಾರೆ' ಎಂದೂ ಇದೆ. ಹಂಡಿಯಾ ಹುಳಿ ಬರಿಸಿದ ಅನ್ನದ ರಸ. ಭಟ್ಟಿ ಇಳಿಸುವುದು ಮಹುವಾ, ಅಂದರೆ ಇಪ್ಪೆ ಹೂವಿನದು. ಎರಡನ್ನೂ ಕಲಸಿಬಿಟ್ಟಿದ್ದೀರಿ. ಸಾರಾಯಿ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಬರುವುದು 2007ರ ನಿಷೇಧಕ್ಕೆ ಮೊದಲು ಊರೂರಲ್ಲಿ ಬಿಕರಿಯಾಗುತ್ತಿದ್ದ ಪ್ಯಾಕೆಟ್ಟು. ಹಂಡಿ ಎಂದರೆ ಮಡಕೆ, ಹೆಸರು ಅಲ್ಲಿಂದ ಬಂದದ್ದು. ಹಂಡಿಯಾ ಎಂದೇ ಬರೆಯಿರಿ. ಅಲ್ಲಿನ ಮುಂಡಾ ಆದಿವಾಸಿಗಳ ಮುಂಡಾರಿ ಭಾಷೆಯಲ್ಲಿ ಅದಕ್ಕೆ 'ಇಲಿ' ಎನ್ನುತ್ತಾರೆ, ಅದನ್ನೂ ಬರೆಯಿರಿ. ನಮ್ಮವರು ನಕ್ಕರೆ ನಗಲಿ.

'ಅನ್ನಕ್ಕೆ ಏನೋ ಬೇರು ಬೆರೆಸಿಡುತ್ತಾರೆ' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ, ಕತೆಯೆಲ್ಲ ಇರುವುದು ಆ 'ಏನೋ'ದಲ್ಲಿ. ಅದು ರಾನು: ಕಾಡಿನ ಬೇರುಗಳನ್ನು ಅಕ್ಕಿ ಹಿಟ್ಟಿನ ಜೊತೆ ಕಲಸಿ, ಉಂಡೆ ಕಟ್ಟಿ ಒಣಗಿಸಿದ ಗುಳಿಗೆ. ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಅನ್ನದಲ್ಲಿರುವುದು ಪಿಷ್ಟ, ಅದು ಯೀಸ್ಟಿಗೆ ಹಾಗೇ ದಕ್ಕದು. ರಾನುವಿನೊಳಗಿನ ಬೂಷ್ಟು ಪಿಷ್ಟವನ್ನು ಸಕ್ಕರೆ ಮಾಡಿಕೊಡುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಎರಡೂ ಒಂದೇ ಮಡಕೆಯಲ್ಲಿ, ಒಟ್ಟೊಟ್ಟಿಗೆ. ಸುಡುವ ಅನ್ನಕ್ಕೆ ಹಾಕಿದರೆ ಎರಡೂ ಸಾಯುತ್ತವೆ, ಅದಕ್ಕೇ ಅನ್ನವನ್ನು ಹರವಿ ಆರಿಸುವುದು. ಮೂರ್ನಾಲ್ಕು ದಿನ ಬಿಟ್ಟು ನೀರು ಬೆರೆಸಿ ಸೋಸುತ್ತಾರೆ. ಬೇಸಗೆಯಲ್ಲಿ ಎಷ್ಟು ದಿನ, ಚಳಿಯಲ್ಲಿ ಎಷ್ಟು ದಿನ ಎಂದು ಮಾರುತ್ತಿದ್ದ ಹೆಂಗಸನ್ನು ಕೇಳಿದಿರಾ? ದೋಸೆ ಹಿಟ್ಟಿನ ಲೆಕ್ಕ ಬಲ್ಲ ನಿಮ್ಮ ತಾಯಿ ಹೋಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

'ಮುಗ್ಧ ಆದಿವಾಸಿಗಳು', 'ಕಾಡಿನ ಅಮೃತ' ಎರಡನ್ನೂ ಹೊಡೆದುಹಾಕಿದ್ದೇನೆ. ಕೊನೆಯ ಪುಟದ ಉಪದೇಶವನ್ನೂ. ಕುಡಿತದ ಹಾನಿಯನ್ನು ಹೇಳುವವರು ಅಲ್ಲೇ ಇದ್ದಾರೆ. ಕುಡಿತ ಬಿಡಿ ಎಂದು, ಬ್ರಿಟಿಷರ ವಿರುದ್ಧ ಬಂಡೆದ್ದ ಆದಿವಾಸಿ ನಾಯಕ ಬಿರ್ಸಾ ಮುಂಡಾ ತನ್ನವರಿಗೇ ಹೇಳಿದ್ದ. ಸಂತೆಯಲ್ಲಿ ಹಂಡಿಯಾ ಮಾರುವ ಹೆಂಗಸರಿಗೆ ಬೇರೆ ದುಡಿಮೆ ಕಲ್ಪಿಸಲೆಂದು ಜಾರ್ಖಂಡ್ ಸರ್ಕಾರ 2020ರಲ್ಲಿ ಫೂಲೋ-ಝಾನೋ ಆಶೀರ್ವಾದ ಅಭಿಯಾನ ಶುರುಮಾಡಿತು. ವಸಂತದ ಸರ್ಹುಲ್ ಹಬ್ಬದಲ್ಲಿ ದೇವರ ಮುಂದಿಡುವುದೂ ಹಂಡಿಯಾ, ಹೊಟ್ಟೆಪಾಡಿಗೆ ಮಾರುವುದೂ ಹಂಡಿಯಾ. ನೀವು ಈ ಇಕ್ಕಟ್ಟಿನ ಪಕ್ಕದಲ್ಲೇ ಕೂತು ಕುಡಿದು ಎದ್ದುಬಂದಿದ್ದೀರಿ.

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ಮುದುಕನೊಬ್ಬ ಎಲೆದೊನ್ನೆಯನ್ನು ಬಾಯಿಗಿಡುವ ಮುಂಚೆ ಹಿರಿಯರ ಹೆಸರಲ್ಲಿ ಒಂದೆರಡು ಹನಿ ನೆಲಕ್ಕೆ ಚೆಲ್ಲಿದ. ಅಲ್ಲಿಂದ ಶುರುಮಾಡಿ. ಎಂಟು ಪುಟ ನಾಲ್ಕಾಗಲಿ. ಗಣೇಶ ಚೌತಿಯೊಳಗೆ ಕಳಿಸಿದರೆ ದೀಪಾವಳಿ ವಿಶೇಷಾಂಕಕ್ಕೆ ನೋಡಬಹುದು.

ಇಂತಿ,
ಸಂಪಾದಕ