ಸ್ಕಾಟ್ಲೆಂಡ್: ರೈಲು, ದ್ವೀಪ ಮತ್ತು ಐದು ದಿನದ ಅವಸರ

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಜನರನ್ನು ರೈಲು, ಹಡಗು ಹತ್ತಿಸಿ ಸುತ್ತಾಡಿಸುವುದು ನನ್ನ ಕೆಲಸ. ಪ್ರತಿ ವರ್ಷ ಬೇಸಿಗೆ ರಜೆ ಹತ್ತಿರ ಬಂದ ಹಾಗೆ ಓದುಗರ ಪತ್ರಗಳು ಬರುತ್ತವೆ. ಹೋದ ವರ್ಷ ಉತ್ತರ ಕೊಟ್ಟಿದ್ದನ್ನೇ ಈ ವರ್ಷವೂ ಕೇಳಿರುತ್ತಾರೆ. ಅದರಲ್ಲೂ ಒಂದು ಪ್ರಶ್ನೆ ನನ್ನನ್ನು ಬಿಡುತ್ತಲೇ ಇಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ, ಉಳಿದವಕ್ಕೆ ಕೊನೆಯಲ್ಲಿ ಚುಟುಕು ಉತ್ತರ. ವಿಮಾನದ ಟಿಕೆಟ್, ಪೌಂಡ್, ಸಿಮ್ ಕಾರ್ಡ್ ಬಗ್ಗೆ ಬರೆಯುವುದಿಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ.

ಪ್ರಶ್ನೆ: ನಾವಿಬ್ಬರು, ಜೊತೆಗೆ 70 ದಾಟಿದ ಅಪ್ಪ ಅಮ್ಮ. ಏಜೆಂಟರು ಐದು ದಿನದ ಪ್ಲಾನ್ ಕೊಟ್ಟಿದ್ದಾರೆ. ಮೊದಲ ದಿನ ಎಡಿನ್‌ಬರೋ. ಎರಡನೇ ದಿನ ಉಗಿ ರೈಲಿನಲ್ಲಿ ಗ್ಲೆನ್‌ಫಿನನ್ ಸೇತುವೆ ನೋಡಿ ಅಂದೇ ಸ್ಕೈ ದ್ವೀಪ. ಮೂರನೇ ದಿನ ಮಲ್ ಮತ್ತು ಅಯೋನಾ ದ್ವೀಪ. ನಾಲ್ಕನೇ ದಿನ ಲಾಕ್ ನೆಸ್ ಸರೋವರ. ಐದನೇ ದಿನ ಲಂಡನ್. ಇಷ್ಟು ದಿನ ಸಾಕಲ್ವಾ? (ಹಾಸನದ ಓದುಗರು)

ಸಾಕಾಗುವುದಿಲ್ಲ. ಈ ಪ್ಲಾನ್ ಮಾಡಿದವರು ಮ್ಯಾಪ್ ನೋಡಿದ್ದಾರೆ, ಟೈಮ್‌ಟೇಬಲ್ ನೋಡಿಲ್ಲ.

ಮೂರನೇ ದಿನವನ್ನೇ ತಗೊಳ್ಳಿ. ಮ್ಯಾಪಿನಲ್ಲಿ ಸ್ಕೈ ಮತ್ತು ಅಯೋನಾ ಪಕ್ಕಪಕ್ಕದ ಮನೆಗಳ ಹಾಗೆ ಕಾಣುತ್ತವೆ. ಕಾರಿಲ್ಲದೆ ಹೋಗುವವರು ಸ್ಕೈನ ಆರ್ಮಡೇಲ್‌ನಿಂದ ಹಡಗು ಹತ್ತಿ ಮ್ಯಾಲೇಗ್‌ಗೆ ಬರಬೇಕು. ಅಲ್ಲಿಂದ ರೈಲಿನಲ್ಲಿ ಫೋರ್ಟ್ ವಿಲಿಯಂ. ಅಲ್ಲಿಂದ ಬಸ್ಸಿನಲ್ಲಿ ಓಬನ್. ಓಬನ್‌ನಿಂದ ಹಡಗಿನಲ್ಲಿ ಮಲ್ ದ್ವೀಪದ ಕ್ರೇಗ್‌ನ್ಯೂರ್. ಅಲ್ಲಿಂದ ಬಸ್ಸಿನಲ್ಲಿ ದ್ವೀಪದ ಆ ತುದಿಯ ಫಿನಫೋರ್ಟ್. ಆಮೇಲೆ ಅಯೋನಾಗೆ ಹತ್ತು ನಿಮಿಷದ ದೋಣಿ. ಒಟ್ಟು ಆರು ಸಲ ಹತ್ತಿ ಇಳಿಯಬೇಕು. ಒಂದು ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ. 70 ದಾಟಿದ ಅಪ್ಪ ಅಮ್ಮನ ಕೈಯಲ್ಲಿ ಇದನ್ನು ಒಂದೇ ದಿನದಲ್ಲಿ ಮಾಡಿಸುತ್ತೀರಾ?

ಓಬನ್‌ನಿಂದ ಫೋರ್ಟ್ ವಿಲಿಯಂಗೆ ನೇರ ರೈಲಿಲ್ಲ ಎನ್ನುವುದೂ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಓಬನ್ ಹತ್ತಿರದಿಂದ ಬ್ಯಾಲಹುಲಿಶ್ ಕಡೆಗೆ ಒಂದು ಲೈನ್ ಇತ್ತು. ಅದನ್ನು 1966ರಲ್ಲೇ ಮುಚ್ಚಿದರು. ಈಗ ಬಸ್ಸೇ ಗತಿ.

ನೀವು ಹಾಸನದವರು, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಘಾಟಿ ಇಳಿಯುವ ರೈಲನ್ನು ನೋಡಿರುತ್ತೀರಿ. ಅಲ್ಲಿ ಯಾರೂ ವೇಗಕ್ಕಾಗಿ ಕೂರುವುದಿಲ್ಲ. ಇಲ್ಲಿಯೂ ಹಾಗೇ. ಗ್ಲಾಸ್ಗೋದಿಂದ ಮ್ಯಾಲೇಗ್ ಸುಮಾರು 264 ಕಿ.ಮೀ. ಅಷ್ಟಕ್ಕೆ ಐದು ಗಂಟೆಯ ಮೇಲಾಗುತ್ತದೆ. ಒಂಟಿ ಹಳಿ. ಎದುರಿನ ರೈಲು ಬರುವವರೆಗೆ ಸ್ಟೇಷನ್ನಿನಲ್ಲಿ ಕಾಯಬೇಕು. ಬ್ಯಾನವಿ ಎಂಬಲ್ಲಿ ಕೂತ ಸಿಗ್ನಲ್‌ನವರು ರೇಡಿಯೋದಲ್ಲಿ 'ಟೋಕನ್' ಕೊಟ್ಟ ಮೇಲೆಯೇ ಡ್ರೈವರ್ ರೈಲು ಬಿಡುವುದು. ಮ್ಯಾಲೇಗ್ ತನಕ ಹೋಗುವ ರೈಲು ದಿನಕ್ಕೆ ಮೂರೋ ನಾಲ್ಕೋ ಅಷ್ಟೆ. ಭಾನುವಾರ ಇನ್ನೂ ಕಡಿಮೆ.

ಆದರೆ ಆ ಐದು ಗಂಟೆಯಲ್ಲಿ ಏನೇನಿದೆ ನೋಡಿ. ಟಿಂಡ್ರಮ್ ದಾಟಿದ ಮೇಲೆ ಬೆನ್ ಡೋರನ್ ಬೆಟ್ಟದ ಬುಡದಲ್ಲಿ ಹಳಿ ಕುದುರೆ ಲಾಳದ ಹಾಗೆ ದೊಡ್ಡದಾಗಿ ಸುತ್ತಿಕೊಂಡು ಹೋಗುತ್ತದೆ. ಎದುರಿನ ಇಳಿಜಾರಿನಲ್ಲಿ ನೀವು ಈಗಷ್ಟೇ ಬಂದ ಹಳಿಯೇ ಕಾಣುತ್ತದೆ. ಕಣಿವೆಗೆ ಅಡ್ಡಲಾಗಿ ಒಂದು ದೊಡ್ಡ ಸೇತುವೆ ಹಾಕಲು ಕಂಪನಿಯ ಹತ್ತಿರ ದುಡ್ಡಿರಲಿಲ್ಲ, ಅದಕ್ಕೇ ಈ ಸುತ್ತು. ಆಮೇಲೆ ರಾನಕ್ ಮೂರ್ ಬರುತ್ತದೆ. ಮೈಲುಗಟ್ಟಲೆ ಜೌಗು ನೆಲ, ಕಪ್ಪು ನೀರಿನ ಹೊಂಡ, ಅಲ್ಲೊಂದು ಇಲ್ಲೊಂದು ಬಂಡೆ. ಹಳಿ ಹಾಕುವಾಗ ಮಣ್ಣು ಸುರಿದಷ್ಟೂ ನೆಲ ನುಂಗುತ್ತಿತ್ತು. ಕೊನೆಗೆ ಮರದ ಬೇರು, ಪೊದೆ, ಕಡ್ಡಿಗಳನ್ನು ಚಾಪೆಯಂತೆ ಹಾಸಿದರು. ಅದರ ಮೇಲೆ ಸಾವಿರಾರು ಟನ್ ಮಣ್ಣು, ಬೂದಿ ಸುರಿದರು. 1894ರಲ್ಲಿ ಶುರುವಾದ ರೈಲು ಇವತ್ತಿಗೂ ಆ ಚಾಪೆಯ ಮೇಲೇ ಓಡುತ್ತಿದೆ. ನಡುವೆ ದುಡ್ಡು ಮುಗಿದಾಗ ರೆಂಟನ್ ಎಂಬ ನಿರ್ದೇಶಕರು ಸ್ವಂತ ಹಣ ಹಾಕಿ ಕೆಲಸ ಉಳಿಸಿದರು. ಕೂಲಿಯವರು ಅವರ ಮುಖವನ್ನು ಒಂದು ಬಂಡೆಯಲ್ಲಿ ಕೆತ್ತಿದ್ದಾರೆ. ರಾನಕ್ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ಅದು ಈಗಲೂ ಇದೆ. ನನ್ನ ಗುಂಪಿನವರಿಗೆ ಅದನ್ನು ತೋರಿಸದೆ ನಾನು ಮುಂದೆ ಹೋಗುವುದಿಲ್ಲ. ಅದರ ಮುಂದಿನ ಸ್ಟೇಷನ್ ಕೊರೂರ್, 408 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಸಾರ್ವಜನಿಕ ರಸ್ತೆಯೇ ಇಲ್ಲ. ಇದನ್ನೆಲ್ಲ ನಿದ್ದೆ ಮಾಡುತ್ತಾ ದಾಟುವವರನ್ನು ನೋಡಿದ್ದೇನೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಹೋಟೆಲ್ ಸೇರಿ ಬೆಳಗ್ಗೆ ಐದಕ್ಕೆ ಎದ್ದವರು ಪಾಪ ಇನ್ನೇನು ಮಾಡುತ್ತಾರೆ?

ನಾನು ಹೇಳುವ ದಾರಿ ಇದು. ಒಂಬತ್ತು ದಿನ ಬೇಕು. ಗ್ಲಾಸ್ಗೋದಿಂದ ಓಬನ್‌ಗೆ ರೈಲು, ಮೂರು ಗಂಟೆ ಚಿಲ್ಲರೆ. ಅಲ್ಲಿ ಒಂದು ರಾತ್ರಿ. ಮಾರನೇ ದಿನ ಮಲ್ ದಾಟಿ ಅಯೋನಾ. ಸಾಧ್ಯವಾದರೆ ಅಯೋನಾದಲ್ಲೇ ಎರಡು ರಾತ್ರಿ ಇರಿ. ಕ್ರಿ.ಶ. 563ರಲ್ಲಿ ಕೊಲಂಬಾ ಎಂಬ ಐರಿಷ್ ಸಂತರು ಬಂದು ಮಠ ಕಟ್ಟಿದ ಜಾಗ ಅದು. ಹೊರಗಿನವರು ಅನುಮತಿ ಇಲ್ಲದೆ ಕಾರು ತರುವ ಹಾಗಿಲ್ಲ. ದಿನದ ಪ್ರವಾಸಿಗರು ಸಂಜೆ ದೋಣಿಯಲ್ಲಿ ವಾಪಸ್ ಹೋದ ಮೇಲೆ ಬರೀ ಅಲೆಯ ಸದ್ದು, ಕುರಿಗಳ ಸದ್ದು. ಅದನ್ನು ನೋಡದೆ ಅಯೋನಾಗೆ ಹೋಗಿ ಬಂದೆ ಅನ್ನಬೇಡಿ. ಅಲ್ಲಿಂದ ಓಬನ್‌ಗೆ ಬಂದು, ಬಸ್ಸಿನಲ್ಲಿ ಗ್ಲೆಂಕೋ ಕಣಿವೆಯ ಬಾಯಿ ದಾಟಿ ಫೋರ್ಟ್ ವಿಲಿಯಂ, ಒಂದು ರಾತ್ರಿ. ಮುಂದೆ ಮ್ಯಾಲೇಗ್‌ಗೆ ರೈಲು. ಹೋಗುವಾಗ ಎಡಗಡೆ ಕೂರಿ, ಗ್ಲೆನ್‌ಫಿನನ್ ಸೇತುವೆ ಮತ್ತು ಶೀಲ್ ಸರೋವರ ಎರಡೂ ಕಾಣುತ್ತವೆ. ಮ್ಯಾಲೇಗ್‌ನಿಂದ ಹಡಗಿನಲ್ಲಿ ಸ್ಕೈ, ಮೂರು ರಾತ್ರಿ. ವಾಪಸ್ಸು ಬಸ್ಸಿನಲ್ಲಿ ಸೇತುವೆ ದಾಟಿ ಕೈಲ್ ಆಫ್ ಲಾಕಲ್ಶ್, ಅಲ್ಲಿಂದ ಎರಡೂವರೆ ಗಂಟೆ ರೈಲಿನಲ್ಲಿ ಇನ್ವರ್ನೆಸ್. ಬಂದ ದಾರಿಯಲ್ಲೇ ತಿರುಗಿ ಹೋಗುವ ಮಾತಿಲ್ಲ. ಒಂಬತ್ತು ದಿನ ಆಗಲ್ಲ, ಐದೇ ದಿನ ಇರುವುದು ಅನ್ನುವುದಾದರೆ ಸ್ಕೈ ಅಥವಾ ಮಲ್, ಒಂದನ್ನು ಬಿಡಿ. ಎರಡನ್ನೂ ಅರ್ಧರ್ಧ ನೋಡಬೇಡಿ.

ಇನ್ನು ಗೈಡ್ ಇರುವ ಟೂರ್ ಬೇಕಾ ಅಂತ ಕೇಳುತ್ತೀರಿ. ವಯಸ್ಸಾದವರು ಜೊತೆಗಿದ್ದರೆ ಬೇಕು ಅಂತಲೇ ಹೇಳುತ್ತೇನೆ. ಯಾಕೆ ಅಂದರೆ, ಗ್ಲಾಸ್ಗೋದಿಂದ ಹೊರಡುವ ಕೆಲವು ರೈಲು ಕ್ರಿಯನ್‌ಲಾರಿಕ್ ಸ್ಟೇಷನ್ನಿನಲ್ಲಿ ಎರಡಾಗುತ್ತವೆ. ಅರ್ಧ ಬೋಗಿ ಓಬನ್‌ಗೆ, ಅರ್ಧ ಮ್ಯಾಲೇಗ್‌ಗೆ. ಒಮ್ಮೆ ನನ್ನ ಗುಂಪಿನ ಹಿರಿಯರೊಬ್ಬರು ಕಿಟಕಿ ಪಕ್ಕ ಸೀಟು ಖಾಲಿ ಇದೆ ಅಂತ ಆ ಕಡೆಯ ಬೋಗಿಗೆ ಹೋಗಿ ಕೂತರು. ನಾನು ಗಮನಿಸಲಿಲ್ಲ. ಕ್ರಿಯನ್‌ಲಾರಿಕ್‌ನಲ್ಲಿ 'ಠಣ್' ಅಂತ ಒಂದು ಸದ್ದು, ಒಂದು ಸಣ್ಣ ಜಗ್ಗು. ಅವರ ಬೋಗಿ ಓಬನ್ ಕಡೆ ಹೋಯಿತು. ಅವರ ಹೆಂಡತಿ, ಸ್ವೆಟರ್, ಬಿಪಿ ಮಾತ್ರೆಯ ಡಬ್ಬಿ ನಮ್ಮ ಜೊತೆ ಉಳಿಯಿತು. ಆಯಮ್ಮ ಫೋರ್ಟ್ ವಿಲಿಯಂ ಬರುವವರೆಗೂ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಒಂದು ಮಾತಾಡಲಿಲ್ಲ. ಯಜಮಾನರು ಸಂಜೆ ಬಸ್ಸಿನಲ್ಲಿ ಬಂದು ಇಳಿದರು. ಏನೂ ಆಗಿರಲಿಲ್ಲ, ಆದರೆ ಆಗಬಹುದಿತ್ತು. ಆವತ್ತಿನಿಂದ ಕ್ರಿಯನ್‌ಲಾರಿಕ್ ಬರುವ ಮೊದಲು ನಾನು ಎರಡು ಸಲ ತಲೆ ಎಣಿಸುತ್ತೇನೆ. ನೀವೇ ಹೋಗುವುದಾದರೆ ಬೋಗಿಯೊಳಗಿನ ಬೋರ್ಡ್ ಓದಿ, ಮಾತ್ರೆ ಅವರವರ ಜೇಬಿನಲ್ಲೇ ಇರಲಿ.

ಟೂರ್ ಬುಕ್ ಮಾಡುವಾಗ ಬ್ರೋಷರಿನ ಫೋಟೋ ನೋಡಬೇಡಿ. ಒಂದೇ ಹೋಟೆಲಿನಲ್ಲಿ ಸತತವಾಗಿ ಎಷ್ಟು ರಾತ್ರಿ ಅಂತ ಕೇಳಿ. ಹೋಟೆಲಿಗೆ ಲಿಫ್ಟ್ ಇದೆಯಾ ಕೇಳಿ, ಹೈಲ್ಯಾಂಡ್ಸ್‌ನ ಎಷ್ಟೋ ಹಳೇ ಹೋಟೆಲುಗಳಲ್ಲಿ ಇರುವುದಿಲ್ಲ. ಸೂಟ್‌ಕೇಸ್ ಯಾರು ಹೊರುತ್ತಾರೆ ಕೇಳಿ. ಎಲ್ಲಕ್ಕಿಂತ ಮುಖ್ಯ, ಗಾಳಿಗೆ ಹಡಗು ರದ್ದಾದರೆ ಏನು ಮಾಡುತ್ತೀರಿ ಅಂತ ಕೇಳಿ. 'ಹಾಗೆಲ್ಲ ಆಗಲ್ಲ ಬಿಡಿ' ಎಂದರೆ ಅವರಿಗೆ ಈ ಸಮುದ್ರ ಗೊತ್ತಿಲ್ಲ. ಬೇರೆಯವರನ್ನು ಹುಡುಕಿ.

ಪ್ರಶ್ನೆ: ಹ್ಯಾರಿ ಪಾಟರ್ ಎಂಬ ಮಾಂತ್ರಿಕ ಹುಡುಗನ ಸಿನಿಮಾದ ಉಗಿ ರೈಲಿನ ಟಿಕೆಟ್ ಸಿಗಲಿಲ್ಲ. ಮಗಳು ಅಳುತ್ತಿದ್ದಾಳೆ. ಟ್ರಿಪ್ಪೇ ಕ್ಯಾನ್ಸಲ್ ಮಾಡೋಣವಾ?

ಬೇಡ. ಮಾಮೂಲಿ ಸ್ಕಾಟ್‌ರೈಲ್ ಗಾಡಿಯೂ ಅದೇ ಹಳಿ, ಅದೇ 21 ಕಮಾನಿನ ಸೇತುವೆ ಮೇಲೆ ಹೋಗುತ್ತದೆ. ದುಡ್ಡೂ ಕಡಿಮೆ. ರೈಲಿನೊಳಗೆ ಕೂತವರಿಗೆ ಹೊಗೆ ಬಿಡುತ್ತಾ ಸೇತುವೆ ದಾಟುವ ಪೂರ್ತಿ ರೈಲು ಕಾಣುವುದೂ ಇಲ್ಲ. ಮಗಳಿಗೆ ಆ ದೃಶ್ಯ ಬೇಕಿದ್ದರೆ ಗ್ಲೆನ್‌ಫಿನನ್‌ನಲ್ಲಿ ಇಳಿದು ಗುಡ್ಡ ಹತ್ತಿಸಿ. ಫೋಟೋಗಾಗಿ ಹಳಿಯ ಮೇಲೆ ಮಾತ್ರ ಇಳಿಯಬೇಡಿ.

ಪ್ರಶ್ನೆ: ಆ ಸೇತುವೆಯ ಕಂಬದೊಳಗೆ ಕುದುರೆ ಗಾಡಿ ಬಿದ್ದು ಹೂತುಹೋಗಿದೆಯಂತೆ, ನಿಜವೇ?

ಕುದುರೆ ನಿಜ, ಸೇತುವೆ ಬೇರೆ. ಗ್ಲೆನ್‌ಫಿನನ್ ದಾಟಿ ಮುಂದೆ ಬರುವ ಲಾಕ್ ನನ್ ಊವಾ ಸೇತುವೆಯ ಕಂಬದಲ್ಲಿ ಅದು ಇರುವುದನ್ನು 2001ರಲ್ಲಿ ರೇಡಾರ್ ಹಾಕಿ ಪತ್ತೆ ಮಾಡಿದರು. ಇಷ್ಟಾದ ಮೇಲೂ ಗ್ಲೆನ್‌ಫಿನನ್‌ನಲ್ಲಿ ನಿಂತು ಈ ಕಥೆ ಹೇಳುವ ಗೈಡುಗಳಿದ್ದಾರೆ. ಕಾಸು ಪಡೆದವರು ಸರಿಯಾಗಿ ಹೇಳಬೇಕು.

ಪ್ರಶ್ನೆ: ಷೆಂಗೆನ್ ವೀಸಾ ಇದೆ. ಸ್ಕಾಟ್ಲೆಂಡಿಗೆ ನಡೆಯುತ್ತಾ?

ಇಲ್ಲ, ಬ್ರಿಟನ್ ವೀಸಾ ಬೇಕು.

ಪ್ರಶ್ನೆ: ಬೆಟ್ಟದ ಎತ್ತರಕ್ಕೆ ಉಸಿರಾಟದ ತೊಂದರೆ ಆಗದಿರಲು ಮಾತ್ರೆ ತಗೋಬೇಕು ಅಂತ ಟೂರ್‌ನವರು ಹೇಳಿದರು. ಯಾವ ಮಾತ್ರೆ? (ಬೆಂಗಳೂರಿನ ಓದುಗರು)

ಯಾವುದೂ ಬೇಡ. ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಮ್ಮ ರೈಲು ಹತ್ತುವುದು ಅದರ ಅರ್ಧದಷ್ಟೂ ಅಲ್ಲ. ಕಂಡಕಂಡವರ ಮಾತಿಗೆ ಅಪ್ಪ ಅಮ್ಮನಿಗೆ ಮಾತ್ರೆ ನುಂಗಿಸಬೇಡಿ, ಅವರು ಆಗಲೇ ತಗೊಳ್ಳುತ್ತಿರುವ ಮಾತ್ರೆಗಳ ಜೊತೆ ಅದು ಏನು ಮಾಡುತ್ತದೋ ಆ ಟೂರ್‌ನವರಿಗೆ ಗೊತ್ತಾ? ಇಲ್ಲಿ ಅಪಾಯ ಇರುವುದು ಎತ್ತರದಲ್ಲಲ್ಲ, ಮಳೆ ಮತ್ತು ಗಾಳಿ ಒಟ್ಟಿಗೆ ಬಂದಾಗ. ಜೂನ್‌ನಲ್ಲೂ ಬರುತ್ತದೆ. ಒದ್ದೆಯಾದ ಜೀನ್ಸ್ ಒಣಗುವುದಿಲ್ಲ, ಮೈ ಕೊರೆಯುತ್ತದೆ. ಛತ್ರಿ ತಿರುಗಿಬೀಳುತ್ತದೆ. ನೀರು ಇಳಿಯದ ಜಾಕೆಟ್, ಪ್ಯಾಂಟ್, ಒಳಗೆ ಒಂದು ಉಣ್ಣೆ ಬಟ್ಟೆ ತನ್ನಿ.

ಪ್ರಶ್ನೆ: ಮಿಡ್ಜ್ ಎಂಬ ಹುಳ ಕಚ್ಚದಿರಲು ವಾರದ ಮೊದಲೇ ಬೆಳ್ಳುಳ್ಳಿ ತಿನ್ನಬೇಕಂತೆ. ಸದ್ದು ಮಾಡಿ ಓಡಿಸುವ ಬ್ರೇಸ್‌ಲೆಟ್ಟೂ ಬರುತ್ತಂತೆ. ಯಾವುದು ಒಳ್ಳೆಯದು?

ಎರಡೂ ಸುಳ್ಳು. ಇದು ನಮ್ಮ ನೊರಜಿನಷ್ಟು ಸಣ್ಣ ಹುಳ, ಗುಂಪುಗುಂಪಾಗಿ ಮುತ್ತುತ್ತದೆ. ಕಚ್ಚುವುದು ಹೆಣ್ಣು ಮಾತ್ರ. ಜೂನ್‌ನಿಂದ ಆಗಸ್ಟ್‌ವರೆಗೆ ಕಾಟ ಜಾಸ್ತಿ, ಅದರಲ್ಲೂ ಗಾಳಿಯಿಲ್ಲದ ಮುಂಜಾನೆ ಮತ್ತು ಸಂಜೆ. ಗಾಳಿ ಸ್ವಲ್ಪ ಜೋರಾದರೂ ಅವಕ್ಕೆ ಹಾರಲು ಆಗುವುದಿಲ್ಲ. ಡೀಟ್ ಅಥವಾ ಪಿಕಾರಿಡಿನ್ ಇರುವ ಸ್ಪ್ರೇ ಇಲ್ಲಿನ ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಪೂರ್ತಿ ತೋಳಿನ ಬಟ್ಟೆ ಹಾಕಿ. ಬ್ರೇಸ್‌ಲೆಟ್ ಮಾರುವವರು ಜನರ ಹೆದರಿಕೆಯನ್ನು ಮಾರುತ್ತಿದ್ದಾರೆ, ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಾಟ ಬೇಡವೇ ಬೇಡ ಅಂದರೆ ಮೇ ತಿಂಗಳ ಮೊದಲ ವಾರಗಳಲ್ಲಿ ಬನ್ನಿ.

ಪ್ರಶ್ನೆ: ಲಾಕ್ ನೆಸ್ ರಾಕ್ಷಸ ಪ್ರಾಣಿ ಕಾಣುವ ಸಮಯ ಯಾವುದು?

ಅಂಥ ಪ್ರಾಣಿ ಇಲ್ಲ. 1934ರ ಪ್ರಸಿದ್ಧ ಫೋಟೋ ಆಟಿಕೆಯಿಂದ ಮಾಡಿದ ಮೋಸ ಎಂದು ಮಾಡಿದವರ ಕಡೆಯಿಂದಲೇ ಗೊತ್ತಾಗಿದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಉಪ್ಪಿಟ್ಟು, ತುಪ್ಪ ಎಲ್ಲ ತರಬಹುದಾ?

ರವೆ ತನ್ನಿ, ಅವಲಕ್ಕಿ ತನ್ನಿ. ತುಪ್ಪ, ಪನೀರ್ ಬೇಡ, ಭಾರತದಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ. ತರಕಾರಿ ಹ್ಯಾಗಿಸ್ (ಓಟ್ಸ್, ಬೇಳೆ, ತರಕಾರಿ ಸೇರಿಸಿ ಮಾಡುವ ಇಲ್ಲಿನ ತಿನಿಸು), ಸೂಪು ಸಣ್ಣ ಊರಲ್ಲೂ ಸಿಗುತ್ತದೆ. ಆದರೆ ದ್ವೀಪದ ಅಡುಗೆಮನೆಗಳು ರಾತ್ರಿ ಬೇಗ ಮುಚ್ಚುತ್ತವೆ. ಎಂಟೂವರೆಗೆ ಊಟ ಕೇಳಿದರೆ ಬರಿಗೈಯಲ್ಲಿ ಬರಬೇಕಾಗುತ್ತದೆ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬ ನೋಡಿದ್ದೇವೆ. ಸ್ಟಾಫಾ ದ್ವೀಪಕ್ಕೆ ಮತ್ತೆ ದುಡ್ಡು ಕೊಡಬೇಕಾ? (ಉಡುಪಿಯ ಓದುಗರು)

ಈ ಪ್ರಶ್ನೆ ಕೇಳಿ ಖುಷಿಯಾಯಿತು. ಖಂಡಿತ ಹೋಗಿ. ಎರಡೂ ಕಡೆ ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದ ಕಂಬಗಳೇ. ಮಲ್ಪೆಯದ್ದು ಹಳೆಯದು, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ್ದು. ಸ್ಟಾಫಾದ್ದು ಸುಮಾರು 6 ಕೋಟಿ ವರ್ಷದ್ದು. ಮಲ್ಪೆಯಲ್ಲಿ ನೀವು ಕಂಬಗಳ ತಲೆಯ ಮೇಲೆ ನಡೆಯುತ್ತೀರಿ. ಸ್ಟಾಫಾದಲ್ಲಿ ಅವು ಗೋಡೆಯ ಹಾಗೆ ಎದ್ದು ನಿಂತಿವೆ, ನಡುವೆ ಫಿಂಗಲ್ ಗುಹೆ. ಒಳಗೆ ಅಲೆ ನುಗ್ಗಿದಾಗ ಸದ್ದು ಎದೆಗೆ ಬಡಿಯುತ್ತದೆ. ದೋಣಿ ಅಯೋನಾದಿಂದಲೇ ಸಿಗುತ್ತದೆ. ಅಲೆ ಜೋರಿದ್ದರೆ ದಡಕ್ಕೆ ಇಳಿಸುವುದಿಲ್ಲ, ಅದಕ್ಕೇ ಅಯೋನಾದಲ್ಲಿ ಎರಡು ರಾತ್ರಿ ಅಂದಿದ್ದು, ಇವತ್ತು ಆಗದಿದ್ದರೆ ನಾಳೆ ಹೋಗಬಹುದು. ಮೇ, ಜೂನ್, ಜುಲೈನಲ್ಲಿ ಬಂದರೆ ಕಿತ್ತಳೆ ಕೊಕ್ಕಿನ ಪಫಿನ್ ಹಕ್ಕಿಗಳು ಹುಲ್ಲಿನ ಮೇಲೆ ನಿಮ್ಮಿಂದ ಒಂದೆರಡು ಮಾರು ದೂರದಲ್ಲೇ ಓಡಾಡುತ್ತಿರುತ್ತವೆ. ಆಗಸ್ಟ್ ಮೊದಲ ವಾರ ಕಳೆದರೆ ಅವು ಸಮುದ್ರಕ್ಕೆ ಹೋಗಿಬಿಟ್ಟಿರುತ್ತವೆ.